ಕೋಟೆಯ ಅರಮನೆಯ ಮೆಟ್ಟಿಲು

ಸಂಸ್ಕೃತ ಪಾಠಶಾಲೆಯಲ್ಲಿ ಓದಿದವರಿಗೆ ಭೂತದ ಭಯವು ಸ್ವಲ್ಪ ಕಡಿಮೆ. ಅದು ಧೈರ್ಯದ ಫಲವಲ್ಲ, ವ್ಯಾಕರಣದ ಫಲ. ‘ಭೂ’ ಎಂಬ ಧಾತುವಿಗೆ ‘ಕ್ತ’ ಪ್ರತ್ಯಯವು ಸೇರಿದರೆ ‘ಭೂತ’ ಎಂಬ ರೂಪವು ಸಿದ್ಧಿಸುವುದು. ಆದದ್ದು, ಆಗಿಹೋದದ್ದು ಎಂದು ಅದರ ಅರ್ಥ. ಎಳೆಯ ವಯಸ್ಸಿನಲ್ಲಿಯೇ ಈ ರೂಪಸಿದ್ಧಿಯನ್ನು ಬಾಯಿಪಾಠ ಮಾಡಿದ ಹುಡುಗನಿಗೆ, ಹುಣಿಸೆಯ ಮರದ ಕೊಂಬೆಯಿಂದ ಕಾಲು ಇಳಿಬಿಟ್ಟು ಕುಳಿತಿರುವ ಭೂತಕ್ಕಿಂತ ಭೂತಕಾಲದ ಭೂತವೇ ಹೆಚ್ಚು ಕಾಟ ಕೊಟ್ಟಿರುವುದು. ಆಗಿಹೋದುದನ್ನು ಹೇಳಲು ನಮ್ಮ ವ್ಯಾಕರಣದಲ್ಲಿ ಲಿಟ್, ಲಙ್, ಲುಙ್ ಎಂಬ ಮೂರು ಲಕಾರಗಳಿವೆ. ಅವುಗಳಲ್ಲಿ ಲಿಟ್ ಎಂಬುದು, ಹೇಳುವವನು ತನ್ನ ಕಣ್ಣಾರೆ ಕಾಣದೆ ಇದ್ದ ಸಂಗತಿಗೆ ಮೀಸಲಾದದ್ದು. ಅದಕ್ಕೆ ‘ಪರೋಕ್ಷಭೂತ’ವೆಂದು ಹೆಸರು.

ಈ ಪರೋಕ್ಷಭೂತವನ್ನು ಮೂವತ್ತೈದು ವರ್ಷಗಳ ಕಾಲ ಶಾಲೆಯ ಮಕ್ಕಳಿಗೆ ಹೇಳಿಕೊಟ್ಟೆನು. ಆ ಮಾತು ನನ್ನ ಮೈಗೆ ತಟ್ಟಿದ್ದು ಮಾತ್ರ ನಿವೃತ್ತನಾದ ಮೇಲೆ, ಬೆಂಗಳೂರಿನ ಕೋಟೆಯ ಪ್ರದೇಶದಲ್ಲಿರುವ ಟೀಪು ಸುಲ್ತಾನನ ಬೇಸಗೆಯ ಅರಮನೆಯ ಒಂದು ಮೆಟ್ಟಿಲಿನ ಮೇಲೆ. ಆ ಸಂಗತಿಯನ್ನು ನಡೆದಂತೆ ತಿಳಿಸುವುದೇ ಈ ಲೇಖನದ ಉದ್ದೇಶ. ನಮ್ಮ ಪತ್ರಿಕೆಯ ವಾಚಕರು ಇದರಲ್ಲಿ ಬಿಳಿಯ ಸೀರೆಯನ್ನಾಗಲಿ ಹಿಮ್ಮೊಗವಾದ ಪಾದಗಳನ್ನಾಗಲಿ ನಿರೀಕ್ಷಿಸದಿರಬೇಕೆಂದು ಮೊದಲೇ ಬೇಡಿಕೊಳ್ಳುತ್ತೇನೆ.

ಅರಮನೆಯನ್ನು ನೋಡದೆ ಇರುವವರಿಗಾಗಿ ಅದರ ವೃತ್ತಾಂತವನ್ನು ಸಂಗ್ರಹವಾಗಿ ಹೇಳಬೇಕಾದುದು ಅವಶ್ಯಕ. ಕೆಂಪೇಗೌಡನು ೧೫೩೭ರಲ್ಲಿ ಕಟ್ಟಿಸಿದ ಮಣ್ಣಿನ ಕೋಟೆಯ ಎಡೆಯಲ್ಲಿ ಹೈದರಾಲಿಯು ೧೭೬೧ರ ಸುಮಾರಿಗೆ ಕಲ್ಲಿನ ಕೋಟೆಯನ್ನು ಎಬ್ಬಿಸಿದನಷ್ಟೆ. ಅದರೊಳಗೆ ೧೭೮೧ರಲ್ಲಿ ಅವನೇ ಈ ಅರಮನೆಯ ಕೆಲಸವನ್ನೂ ಮೊದಲುಮಾಡಿಸಿದನು, ಮರುವರ್ಷವೇ ತೀರಿಕೊಂಡನು. ಕೆಲಸವು ಮಗನ ಕಾಲದಲ್ಲಿ, ೧೭೯೧ರಲ್ಲಿ ಮುಗಿಯಿತು. ಕಟ್ಟಡವು ಬಹುಮಟ್ಟಿಗೆ ತೇಗದ ಮರದ್ದು. ಕಲ್ಲಿನ ಪೀಠಗಳ ಮೇಲೆ ನೆಟ್ಟಗೆ ನಿಂತ ಮರದ ಕಂಬಗಳು, ಕಂಬದಿಂದ ಕಂಬಕ್ಕೆ ಬಾಗಿದ ಕಮಾನುಗಳು, ಮಹಡಿಯಲ್ಲಿ ಪೂರ್ವಕ್ಕೊಂದು ಪಶ್ಚಿಮಕ್ಕೊಂದು ಮುಂದಕ್ಕೆ ಚಾಚಿದ ಉಪ್ಪರಿಗೆಗಳು. ಸುಲ್ತಾನನು ಅಲ್ಲಿ ಕುಳಿತು ರಾಜ್ಯಕಾರ್ಯವನ್ನು ವಿಚಾರಿಸುತ್ತಿದ್ದನೆಂದು ಹೇಳುವರು. ಮಹಡಿಯ ನಾಲ್ಕು ಮೂಲೆಗಳಲ್ಲಿ ನಾಲ್ಕು ಚಿಕ್ಕ ಕೋಣೆಗಳುಂಟು. ಅವು ಅಂತಃಪುರದ ಸ್ತ್ರೀಯರಿಗೆಂದು ಇದ್ದುವು. ಗೋಡೆಗಳ ಮೇಲಣ ಹೂಬಳ್ಳಿಯ ಚಿತ್ರಗಳು ಬಹುಪಾಲು ಮಾಸಿಹೋಗಿವೆ. ಈ ಮನೆಗೆ ‘ಸುಖದ ನೆಲೆ’ಯೆಂದೂ ‘ಸ್ವರ್ಗಕ್ಕೆ ಅಸೂಯೆಯನ್ನುಂಟುಮಾಡುವುದು’ ಎಂದೂ ಬಿರುದುಗಳನ್ನು ಕೆತ್ತಿಸಿದ್ದರು.

ಸ್ವರ್ಗವು ಅಸೂಯೆಪಡುವುದಕ್ಕೆ ಹೆಚ್ಚು ಅವಕಾಶವೇ ಉಂಟಾಗಲಿಲ್ಲ. ಕೆಲಸ ಮುಗಿದ ವರ್ಷವೇ, ೧೭೯೧ರ ಮಾರ್ಚಿ ತಿಂಗಳ ೨೧ನೆಯ ರಾತ್ರಿ, ಕಾರ್ನ್‌ವಾಲಿಸನ ಸೈನ್ಯವು ಕೋಟೆಯನ್ನು ಹತ್ತಿ ಒಳಹೊಕ್ಕಿತು. ಕಿಲ್ಲೇದಾರನಾದ ಬಹಾದೂರ್ ಖಾನನು ಕಾದಾಡುತ್ತ ಮಡಿದನು. ಮರುವರ್ಷದ ಒಪ್ಪಂದದಿಂದ ಊರೇನೋ ಟೀಪುವಿಗೆ ಹಿಂದಿರುಗಿ ಬಂದಿತು. ೧೭೯೯ರ ಮೇ ೪ರಂದು ಶ್ರೀರಂಗಪಟ್ಟಣದಲ್ಲಿ ಅವನೂ ಮಡಿದನು. ಮುಂದೆ ೧೮೩೧ರಲ್ಲಿ ಮೈಸೂರಿನ ಆಡಳಿತವು ಆಂಗ್ಲ ಕಮಿಷನರರ ಕೈಸೇರಿದ ಕಾಲಕ್ಕೆ ಈ ಅರಮನೆಯಲ್ಲಿ ಸರ್ಕಾರದ ಕಚೇರಿಯು ಕುಳಿತಿತು. ೧೮೬೮ರಲ್ಲಿ ಅಠಾರಾ ಕಚೇರಿಯ ಹೊಸ ಕಟ್ಟಡಕ್ಕೆ ಎದ್ದುಹೋಗುವವರೆಗೆ ಅಲ್ಲಿಯೇ ಇದ್ದಿತು. ಈಗ ಪ್ರಾಚ್ಯವಸ್ತು ಇಲಾಖೆಯವರ ರಕ್ಷಣೆಯಲ್ಲಿದೆ.

ಇದನ್ನು ಯೋಚಿಸಿದಾಗಲೆಲ್ಲ ನನಗೆ ಒಂದು ವಿಷಯವು ವಿಚಿತ್ರವಾಗಿ ತೋರುವುದು. ಶ್ರೀರಂಗಪಟ್ಟಣದಲ್ಲಿ ಸುಲ್ತಾನನು ವಾಸವಾಗಿದ್ದ ಲಾಲ್ ಮಹಲು ಇದಕ್ಕಿಂತ ದೊಡ್ಡದು. ಅಲ್ಲಿ ಇಂದು ನೆಲಗಟ್ಟು ಮಾತ್ರ ಉಳಿದಿದೆ. ಬೆಂಗಳೂರಿನ ಈ ಬೇಸಗೆಯ ಮನೆ ಉಳಿದುಕೊಂಡಿತು. ಪ್ರೀತಿಯಿಂದ ಯಾರೂ ಇದನ್ನು ಉಳಿಸಲಿಲ್ಲ. ಗುಮಾಸ್ತರಿಗೆ ಕುಳಿತು ಬರೆಯಲು ಒಂದು ಸೂರು ಬೇಕಾಗಿದ್ದಿತು, ಅದರಿಂದ ಉಳಿಯಿತು. ರಾಜನು ಬಿಟ್ಟುಹೋದ ಮನೆಯನ್ನು ಗುಮಾಸ್ತರು ಕಾಪಾಡಿದರೆಂದು ಹೇಳಿದರೆ ಅತಿಶಯೋಕ್ತಿಯಾಗಲಾರದು.

ನನಗೂ ಈ ಕಟ್ಟಡಕ್ಕೂ ಹಳೆಯ ನೆರೆತನ. ಚಾಮರಾಜಪೇಟೆಯ ಚಾಮರಾಜೇಂದ್ರ ಸಂಸ್ಕೃತ ಪಾಠಶಾಲೆಯಲ್ಲಿ ಓದುತ್ತಿದ್ದಾಗ ಸಾಯಂಕಾಲ ಕೋಟೆ ವೆಂಕಟರಮಣಸ್ವಾಮಿಯ ದೇವಸ್ಥಾನಕ್ಕೆ ಹೋಗುವುದು ನಮ್ಮಲ್ಲಿ ಕೆಲವರ ವಾಡಿಕೆ. ಚಿಕ್ಕದೇವರಾಜ ಒಡೆಯರ ಕಾಲದ ಆ ದೇವಸ್ಥಾನವೂ ಸುಲ್ತಾನನ ಅರಮನೆಯೂ ಒಂದರ ಪಕ್ಕದಲ್ಲಿ ಒಂದು ಇವೆ. ಒಂದು ಕಡೆ ಮಂಗಳಾರತಿ, ಅದರ ಮಗ್ಗುಲಲ್ಲೇ ಬೀಗ ಹಾಕಿದ ನಿಶ್ಶಬ್ದ. ಉಪಾಧ್ಯಾಯನಾದ ಮೇಲೆ ಎರಡು ಮೂರು ಸಲ ಮಕ್ಕಳನ್ನು ಕರೆದುಕೊಂಡು ಒಳಗೂ ಹೋಗಿದ್ದೆನು. ಆದರೆ ನಲವತ್ತು ಹುಡುಗರ ತಲೆಗಳನ್ನು ಎಣಿಸುತ್ತ ಹೋಗುವವನಿಗೆ ಚರಿತ್ರೆಯೂ ಕಾಣಿಸದು, ಭೂತವೂ ಕಾಣಿಸದು. ಭೂತಕ್ಕಾದರೂ ಅಂತಹ ಗದ್ದಲದಲ್ಲಿ ನಿಲ್ಲಲು ಮನಸ್ಸಾಗದು.

ಕಳೆದ ಆಷಾಢದಲ್ಲಿ ಒಂದು ದಿನ ಮೊಮ್ಮಗನನ್ನು ಕರೆದುಕೊಂಡು ಹೋಗುವ ಸಂದರ್ಭವು ಒದಗಿತು. ಅವನು ಏಳು ವರ್ಷದ ಹುಡುಗ. ತಂದೆತಾಯಿಗಳೊಡನೆ ಇಷ್ಟು ಕಾಲವೂ ಪುಣೆಯಲ್ಲಿದ್ದು, ಹೋದ ವರ್ಷ ಜಯನಗರದ ನಮ್ಮ ಮನೆಗೆ ಬಂದವನು. ಶಾಲೆಯಲ್ಲಿ ಯಾರೋ ಹುಲಿಯ ಬೊಂಬೆಯ ಕಥೆಯನ್ನು ಹೇಳಿದ್ದರಂತೆ; ಅದನ್ನು ತೋರಿಸೆಂದು ಹಟ ಹಿಡಿದಿದ್ದನು. ಜಯನಗರದಲ್ಲಿ ಮೆಟ್ರೋ ರೈಲನ್ನು ಹತ್ತಿದೆವು. ೨೦೧೭ರಲ್ಲಿ ಈ ದಾರಿ ತೆರೆದಂದಿನಿಂದ ಪೇಟೆಗೆ ಹೋಗುವುದು ಮುದುಕರಿಗೂ ಸುಲಭವಾಗಿದೆ. ಲಾಲ್‌ಬಾಗಿನವರೆಗೆ ಮರಗಳ ನೆತ್ತಿಯನ್ನು ನೋಡುತ್ತ ಆಕಾಶಮಾರ್ಗದಲ್ಲಿ ಹೋಗುವ ಬಂಡಿಯು ನ್ಯಾಷನಲ್ ಕಾಲೇಜು ದಾಟಿದೊಡನೆ ತಲೆ ತಗ್ಗಿಸಿ ನೆಲದೊಳಕ್ಕೆ ಇಳಿಯುವುದು. ಕೃಷ್ಣರಾಜೇಂದ್ರ ಮಾರುಕಟ್ಟೆಯ ನಿಲ್ದಾಣದಲ್ಲಿ ಮೇಲಕ್ಕೆ ಹತ್ತಿ ಬಂದರೆ ಹಳೆಯ ಕೋಟೆಯ ನೆರೆ. ಪಾತಾಳದಿಂದ ಎದ್ದು ಹದಿನೆಂಟನೆಯ ಶತಮಾನಕ್ಕೆ ಬಂದಂತಾಯಿತೆಂದು ನಾನು ಹುಡುಗನಿಗೆ ಹೇಳಿದೆನು. ಅವನಿಗೆ ಪಾತಾಳದ ಮೆಟ್ಟಿಲು ತಾನಾಗಿಯೇ ಚಲಿಸುತ್ತಿದ್ದುದೇ ದೊಡ್ಡ ಸಂಗತಿಯಾಗಿದ್ದಿತು.

ಕೆಲಸದ ದಿನ, ಮಧ್ಯಾಹ್ನದ ಹೊತ್ತು. ಮೋಡ ಕವಿದು ಹನಿ ಬೀಳುತ್ತಿದ್ದಿತು. ನೋಡಲು ಬಂದವರು ನಾಲ್ಕಾರು ಮಂದಿ ಮಾತ್ರ. ಕೆಳಗಣ ಕೋಣೆಗಳಲ್ಲಿ ಇಟ್ಟಿರುವ ಚಿತ್ರಗಳನ್ನೂ ವಸ್ತುಗಳನ್ನೂ ನೋಡಿದೆವು. ಹುಲಿಯ ಬೊಂಬೆಯ ಮೂಲವು ಲಂಡನ್ನಿನ ವಿಕ್ಟೋರಿಯಾ ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ. ಇಲ್ಲಿರುವುದು ಅದರ ಪ್ರತಿಕೃತಿ. ಮರದ ಹುಲಿಯು ಬಿಳಿಯ ಸಿಪಾಯಿಯೊಬ್ಬನನ್ನು ಕೆಡಹಿ ಕಂಠವನ್ನು ಕಚ್ಚುತ್ತಿರುವಂತೆ ಮಾಡಿದ ಆ ಯಂತ್ರದ ಹಿಡಿಯನ್ನು ತಿರುಗಿಸಿದರೆ, ಒಳಗಿರುವ ತಿದಿಯಿಂದ ಹುಲಿಯ ಗರ್ಜನೆಯೂ ಸಾಯುವವನ ನರಳಾಟವೂ ಹೊರಡುವುವೆಂದು ಹುಡುಗನಿಗೆ ವಿವರಿಸಿದೆನು. ಸುಲ್ತಾನನು ಮಾಡಿಸಿದ ಚಿನ್ನದ ತಗಡಿನ ಸಿಂಹಾಸನದ ಚಿತ್ರವೂ ಅಲ್ಲಿದೆ. ಶತ್ರುಗಳನ್ನು ಗೆಲ್ಲುವವರೆಗೆ ಅದನ್ನು ಏರುವುದಿಲ್ಲವೆಂದು ಅವನು ಪ್ರತಿಜ್ಞೆಮಾಡಿದ್ದನೆಂದು ಪ್ರತೀತಿ. ೧೭೯೯ರ ಬಳಿಕ ಗೆದ್ದವರು ಅದನ್ನು ಒಡೆದು ಹಂಚಿಕೊಂಡರು. ಕುಳಿತುಕೊಳ್ಳದೆ ಹೋದ ಸಿಂಹಾಸನವೆಂದು ಕೇಳಿ ಹುಡುಗನು ಆ ಪಟವನ್ನು ಬಹಳ ಹೊತ್ತು ನೋಡುತ್ತ ನಿಂತನು.

ಆಮೇಲೆ ಮಹಡಿಯನ್ನು ಹತ್ತಿದೆವು. ಉಪ್ಪರಿಗೆಯಲ್ಲಿ ಕಂಬಗಳನ್ನು ಎಣಿಸುತ್ತ ಅವನು ಓಡಾಡುತ್ತಿರಲು, ನಾನು ಮೂಲೆಯ ಒಂದು ಕೋಣೆಯ ಬಾಗಿಲಲ್ಲಿ ನಿಂತೆನು. ಒಳಗೆ ಏನೂ ಇರಲಿಲ್ಲ. ಕಂಬಗಳ ನಡುವೆ ಇಷ್ಟು ಗಾಳಿ ಬೆಳಕುಗಳನ್ನು ತುಂಬಿಕೊಂಡಿರುವ ಮನೆಯಲ್ಲಿ ಅದೊಂದು ಮಾತ್ರ ಉಸಿರನ್ನು ಬಿಗಿಹಿಡಿದಂತೆ ಇದ್ದಿತು. ಅಲ್ಲಿ ನನಗೆ ಭಯವೇನೂ ಆಗಲಿಲ್ಲ. ಪರರ ಮನೆಯಲ್ಲಿ ಕೇಳದೆ ಒಳಕ್ಕೆ ಇಣುಕಿದವನಿಗೆ ಆಗುವ ಸಂಕೋಚವಾಯಿತು. ಮೇಲುಹೊದೆಯ ವಲ್ಲಿಯನ್ನು ಸರಿಪಡಿಸಿಕೊಂಡು ಹಿಂದಕ್ಕೆ ಸರಿದೆನು.

ಮೊಮ್ಮಗನನ್ನು ಕೂಗಿ ಕೆಳಕ್ಕಿಳಿಯತೊಡಗಿದೆನು. ಮೆಟ್ಟಿಲು ಕಡಿದು, ಇಕ್ಕಟ್ಟು. ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಒತ್ತಿ ನಿಲ್ಲಲೇಬೇಕು. ಅರ್ಧ ಇಳಿದಿರಬಹುದು. ಕೆಳಗಿನಿಂದ ಯಾರೋ ಮೇಲಕ್ಕೆ ಹತ್ತಿ ಬರುತ್ತಿದ್ದ ಸಪ್ಪಳವು ಕೇಳಿಸಿತು. ಅವಸರದ ಹೆಜ್ಜೆಯಲ್ಲ, ಕೈಯಲ್ಲಿ ಏನನ್ನೋ ತುಂಬಿಕೊಂಡು, ತುಳುಕೀತೆಂದು ಎಚ್ಚರವಾಗಿ ಇಡುವ ಹೆಜ್ಜೆ. ನಾನು ಯೋಚಿಸಲಿಲ್ಲ. ಧೋತ್ರದ ಅಂಚನ್ನು ಎಡಗೈಯಲ್ಲಿ ಎತ್ತಿಹಿಡಿದು, ಬೆನ್ನನ್ನು ಗೋಡೆಗೆ ಒತ್ತಿ, ಮುಖವನ್ನು ಒಂದಿಷ್ಟು ಪಕ್ಕಕ್ಕೆ ತಿರುಗಿಸಿ ದಾರಿ ಬಿಟ್ಟು ನಿಂತೆನು. ಹೆಂಗಸರು ಎದುರಾದಾಗ ಹಾಗೆ ನಿಲ್ಲುವುದು ನಮ್ಮ ಕಾಲದವರ ಪದ್ಧತಿ. ಹೆಜ್ಜೆಗಳು ಹತ್ತಿರ ಬಂದುವು. ಎದೆಯ ಮುಂದೆ ಯಾರೋ ಹಾದುಹೋದರೆ ಕಣ್ಣು ಮುಚ್ಚಿದ್ದರೂ ತಿಳಿಯುವುದಷ್ಟೆ, ಹಾಗೆಯೇ ತಿಳಿಯಿತು. ಗಾಳಿಯು ಒಂದಿಷ್ಟು ಬೆಚ್ಚಗಾದಂತೆ ತೋರಿತು. ಆಮೇಲೆ ಮುಖವನ್ನು ತಿರುಗಿಸಿ ನೋಡುತ್ತೇನೆ, ಮೆಟ್ಟಿಲಿನ ಮೇಲೆ ಒಬ್ಬರೂ ಇಲ್ಲ. ಎರಡು ಮೆಟ್ಟಿಲು ಮೇಲಕ್ಕೆ ನನ್ನ ಮೊಮ್ಮಗನು, ಅವನೂ ಬೆನ್ನನ್ನು ಗೋಡೆಗೆ ಒತ್ತಿ, ಚಡ್ಡಿಯ ಅಂಚನ್ನು ಎಡಗೈಯಲ್ಲಿ ಹಿಡಿದುಕೊಂಡು ನಿಂತಿದ್ದಾನೆ.

“ಯಾರು ಹೋದರು ತಾತ?” ಎಂದು ಕೇಳಿದನು.

ನನ್ನ ಬಾಯಿಂದ ಮಾತು ಹೊರಡಲಿಲ್ಲ. “ನೀನೇಕೆ ನಿಂತೆ?” ಎಂದೆನು. “ನೀವು ನಿಂತಿರಿ, ಅದಕ್ಕೆ ನಿಂತೆ” ಎಂದನು.

ಕೆಳಗಡೆ ವಯಸ್ಸಾದ ಕಾವಲುಗಾರನೊಬ್ಬನು ಕಂಬಕ್ಕೆ ಒರಗಿ ಕುಳಿತಿದ್ದನು. ಈಗ ಯಾರಾದರೂ ಮೇಲಕ್ಕೆ ಬಂದರೇ ಎಂದು ವಿಚಾರಿಸಿದೆನು. ಇಲ್ಲವೆಂದನು. ಬಳಿಕ ನನ್ನ ಮುಖವನ್ನು ನೋಡಿ, “ಮಧ್ಯದಲ್ಲಿ ನಿಂತಿರೇನು ಸ್ವಾಮಿ? ಬಹಳ ಜನ ಅಲ್ಲಿ ನಿಲ್ಲುತ್ತಾರೆ. ಯಾರೋ ಬಂದಹಾಗೆ ಆಗುತ್ತದಂತೆ” ಎಂದು ಹೇಳಿ, ಹೊರಗಿನ ಮಳೆಯನ್ನು ನೋಡುತ್ತ ಸುಮ್ಮನಾದನು. ಅವನ ಮಾತಿನಲ್ಲಿ ಹೆದರಿಸುವ ಭಾವವಾಗಲಿ ಕಥೆ ಕಟ್ಟುವ ಉತ್ಸಾಹವಾಗಲಿ ಇರಲಿಲ್ಲ. ಬಾವಿಯ ನೀರು ಸ್ವಲ್ಪ ಉಪ್ಪೆಂದು ಹೇಳುವವನಂತೆ ಹೇಳಿದನು.

ಇದಕ್ಕೆ ಕಾರಣಗಳನ್ನು ಹುಡುಕುವುದು ಕಷ್ಟವಲ್ಲ. ತೇಗವು ಎಷ್ಟು ಹಳೆಯದಾದರೂ ಮರವೇ. ಆಷಾಢದ ತೇವವನ್ನು ಹೀರಿ ಉಬ್ಬುವುದು, ಬಿಸಿಲಿಗೆ ಕುಗ್ಗುವುದು, ಉಬ್ಬಿ ಕುಗ್ಗುವಾಗ ಕಿರುಗುಟ್ಟುವುದು. ಹೊರಗಣ ರಸ್ತೆಯಲ್ಲಿ ಬಸ್ಸು ಲಾರಿಗಳ ಓಡಾಟವು ಬಿಡುವಿಲ್ಲದೆ ನಡೆದಿರುತ್ತದೆ; ಅದರ ಅದಿರು ಕಂಬಗಳಿಗೆ ತಗುಲದೆ ಇರದು. ಹುಲಿಯ ಗರ್ಜನೆಯನ್ನೂ ಸಾಯುವವನ ನರಳಾಟವನ್ನೂ ಆಗ ತಾನೆ ವರ್ಣಿಸಿ ಬಂದಿದ್ದ ಮುದುಕನ ಕಿವಿಯು ಇನ್ನಷ್ಟು ಶಬ್ದಗಳಿಗೆ ಸಿದ್ಧವಾಗಿದ್ದಿರಲೂಬಹುದು. ಇಕ್ಕಟ್ಟಾದ ಕಡಿದಾದ ಮೆಟ್ಟಿಲಿನಲ್ಲಿ ಎಲ್ಲರೂ ನಡುವೆ ಒಮ್ಮೆ ನಿಂತು ಉಸಿರು ತೆಗೆದುಕೊಳ್ಳುವರು. ನಿಂತುದಕ್ಕೆ ಕಾರಣವನ್ನು ಮನಸ್ಸು ಆಮೇಲೆ ಕಲ್ಪಿಸಿಕೊಳ್ಳುವುದು. ಈ ಸಮಾಧಾನಗಳೆಲ್ಲವೂ ಯುಕ್ತವಾಗಿಯೇ ಇವೆ. ಇವುಗಳಲ್ಲಿ ಯಾವುದನ್ನೂ ನಾನು ತಳ್ಳಿಹಾಕುವುದಿಲ್ಲ. ಆದರೆ ನನ್ನನ್ನು ಕಲಕಿದ ಸಂಗತಿಯು ಆ ಸಪ್ಪಳವಲ್ಲ. ನನ್ನ ಮೈ ನಿಂತ ಭಂಗಿ. ಆ ಭಂಗಿಯನ್ನು ಎಲ್ಲಿಯೋ ಬಹಳ ಕಾಲದಿಂದ ಬಲ್ಲೆನೆಂದು ಹಿಂದಿರುಗುವ ದಾರಿಯುದ್ದಕ್ಕೂ ತೋರುತ್ತಿದ್ದಿತು.

ಅದರ ನಿವಾರಣೆಯು ಆ ರಾತ್ರಿಯೇ ಆಯಿತು; ನಿವಾರಣೆಯು ಅರಮನೆಯ ಸಂಗತಿಗಿಂತಲೂ ಹೆಚ್ಚಾಗಿ ನನ್ನನ್ನು ನಡುಗಿಸಿತು.

ನಮ್ಮ ಮನೆಯ ವಿಷಯವನ್ನು ಇಲ್ಲಿ ನಾಲ್ಕು ಮಾತು ಹೇಳಬೇಕಾಗಿದೆ. ಜಯನಗರಕ್ಕೆ ಅಸ್ತಿವಾರವು ಬಿದ್ದುದು ೧೯೪೮ರಲ್ಲಿ. ಚಕ್ರವರ್ತಿ ರಾಜಗೋಪಾಲಾಚಾರಿಯವರು ಅದರ ಗುರುತಿಗಾಗಿ ಪ್ರಾರಂಭಿಸಿದ ಅಶೋಕಸ್ತಂಭವು ಇಂದಿಗೂ ನಿಂತಿದೆ. ಆ ಬಡಾವಣೆಯಲ್ಲಿ ನನ್ನ ತಂದೆಯವರು ಒಂದು ನಿವೇಶನವನ್ನು ಪಡೆದು, ಸಂಬಳದ ಹಣದಲ್ಲಿ ಉಳಿಸಿ ಉಳಿಸಿ ೧೯೬೨ರಲ್ಲಿ ಮನೆ ಕಟ್ಟಿಸಿದರು. ಕೆಂಪು ಗಾರೆಯ ನೆಲ, ತೇಗದ ಬಾಗಿಲುವಾಡ, ಹಿತ್ತಲಲ್ಲಿ ಒಂದು ತೆಂಗು, ಒಂದು ಕರಿಬೇವು. ನಡುಮನೆಗೂ ಅಡಿಗೆಯ ಮನೆಗೂ ನಡುವೆ ಮೂರು ಅಡಿ ಅಗಲದ ಓಣಿಯಂತಹ ದಾರಿ. ನನ್ನ ಗೃಹಿಣಿಯು ಈ ಮನೆಗೆ ಬಂದಂದಿನಿಂದ ಸಾರಿನ ಪಾತ್ರೆಯನ್ನೋ ಕಾದ ಹಾಲನ್ನೋ ಹಿಡಿದು ಆ ಓಣಿಯಲ್ಲಿ ದಿನಕ್ಕೆ ಎಷ್ಟು ಸಲ ಎದುರಾಗುತ್ತಿದ್ದಳೋ ಎಣಿಸಿದವರಿಲ್ಲ. ಎದುರಾದಾಗಲೆಲ್ಲ ನಾನು ಧೋತ್ರವನ್ನು ಎತ್ತಿಹಿಡಿದು ಗೋಡೆಗೆ ಒತ್ತಿ ನಿಲ್ಲುವುದು, ಅವಳು ನನ್ನ ಮುಖವನ್ನು ನೋಡದೆ ಪಾತ್ರೆಯನ್ನು ನೋಡಿಕೊಂಡು ದಾಟಿಹೋಗುವುದು. ಅವಳು ತೀರಿಕೊಂಡು ಆರು ವರ್ಷಗಳಾದುವು.

ಆ ರಾತ್ರಿ ಊಟಕ್ಕೆ ಏಳುವಾಗ ಮೊಮ್ಮಗನು ನನ್ನ ಮುಂದೆ ಹೋಗುತ್ತಿದ್ದನು. ಓಣಿಯ ಬಾಯಲ್ಲಿ ಅವನು ನಿಂತನು. ಗೋಡೆಗೆ ಒತ್ತಿ, ಮುಖವನ್ನು ಪಕ್ಕಕ್ಕೆ ತಿರುಗಿಸಿ, ಒಂದು ಕ್ಷಣ ತಡೆದು, ಮತ್ತೆ ಮುಂದಕ್ಕೆ ಹೋದನು. ಅಡಿಗೆಯ ಮನೆಯಿಂದ ಯಾರೂ ಬರುತ್ತಿರಲಿಲ್ಲ; ನನ್ನ ಮಗಳು ಆಗಲೇ ಎಲೆಯ ಮುಂದೆ ಕುಳಿತಿದ್ದಳು. ಇದೇನೆಂದು ಕೇಳಿದುದಕ್ಕೆ, “ಇಲ್ಲಿ ನಿಲ್ಲಬೇಕಲ್ಲವೆ? ನೀವು ದಿನವೂ ನಿಲ್ಲುತ್ತೀರಿ” ಎಂದನು. ಮಗಳ ಮುಖವನ್ನು ನೋಡಿದೆನು. ಅವಳು ತಲೆ ತಗ್ಗಿಸಿ, “ಹೌದಪ್ಪಾ, ನಿಲ್ಲುತ್ತೀರಿ. ನಾವು ಹೇಳಲಿಲ್ಲ ಅಷ್ಟೆ” ಎಂದಳು.

ಅಜ್ಜಿಯು ಹೋದಾಗ ಆ ಹುಡುಗನಿಗೆ ಒಂದು ವರ್ಷ. ಅವಳ ಮುಖವು ಅವನಿಗೆ ಪಟದಲ್ಲಿ ಮಾತ್ರ ಗೊತ್ತು. ಅಂತಹವನು ಅವಳಿಗೆ ದಾರಿ ಬಿಡುತ್ತಿದ್ದಾನೆ.

ಶಾಸ್ತ್ರದಲ್ಲಿ ‘ವಾಸನೆ’ಯೆಂಬ ಮಾತಿಗೆ ಎರಡು ಅರ್ಥಗಳುಂಟು: ಪರಿಮಳವೆಂದೊಂದು, ಹಿಂದಿನ ಅನುಭವವು ಚಿತ್ತದಲ್ಲಿ ಬಿಟ್ಟುಹೋದ ಸಂಸ್ಕಾರವೆಂದು ಮತ್ತೊಂದು. ಕಸ್ತೂರಿಯನ್ನು ತೆಗೆದ ಮೇಲೂ ಭರಣಿಯು ಕಸ್ತೂರಿಯಂತೆಯೇ ಇರುವುದೆಂದು ನಮ್ಮ ಗುರುಗಳು ಎರಡು ಅರ್ಥಗಳನ್ನೂ ಒಂದೇ ದೃಷ್ಟಾಂತದಿಂದ ತಿಳಿಸುತ್ತಿದ್ದರು. ಚಿತ್ತಕ್ಕೆ ಹೇಳಿದ ಈ ಮಾತು ಮೈಗೂ ಸಲ್ಲುವುದೆಂದು ಈಗ ನನಗೆ ತೋರುತ್ತದೆ. ಮನಸ್ಸು ಮರೆತುದನ್ನು ಬೆನ್ನು ಮರೆಯದು, ಕಾಲು ಮರೆಯದು. ಒಂದು ಮನೆಯೆಂದರೆ ಅದರಲ್ಲಿ ಬಾಳಿದವರ ಮೈಗಳನ್ನು ತಿದ್ದಿದ ಅಚ್ಚು. ಅಚ್ಚಿನೊಳಗೆ ಹೊಸಬನನ್ನು ಇಳಿಸಿದರೆ ಅವನೂ ಅದೇ ಭಂಗಿಗೆ ಬರುವನು. ಅರಮನೆಯ ಮೆಟ್ಟಿಲಿನ ಮೇಲೆ ನನಗಾದುದೂ ಇದೇ ಇರಬೇಕು; ಗೋಡೆಯ ಇಕ್ಕಟ್ಟು ನನ್ನ ಮನೆಯ ಓಣಿಯನ್ನು ಮೈಗೆ ನೆನಪುಮಾಡಿತು, ಮೈ ದಾರಿ ಬಿಟ್ಟಿತು.

ಅಲ್ಲಿ ದಾಟಿಹೋದವರು ಯಾರು ಎಂಬ ಪ್ರಶ್ನೆಯನ್ನು ನಾನು ಹಲವು ಸಲ ಕೇಳಿಕೊಂಡಿದ್ದೇನೆ. ಸುಲ್ತಾನನಂತೂ ಅಲ್ಲ. ಅರಸುಗಳು ಇಕ್ಕಟ್ಟಿನಲ್ಲಿ ಎಚ್ಚರದ ಹೆಜ್ಜೆಯಿಡುವವರಲ್ಲ. ಅವರಿಗೆ ಮುಂಚೆಯೇ ದಾರಿ ತೆರವಾಗಿರುವುದು. ಮೂಲೆಯ ಕೋಣೆಗೆ ನೀರನ್ನು ಹೊತ್ತವಳು, ಸಂಜೆ ದೀಪಕ್ಕೆ ಎಣ್ಣೆ ತಂದವನು, ಕಮಿಷನರರ ಕಾಲದಲ್ಲಿ ಮಸಿಕುಡಿಕೆಯನ್ನೂ ಕಾಗದದ ಕಟ್ಟನ್ನೂ ಹಿಡಿದು ದಿನಕ್ಕೆ ಇಪ್ಪತ್ತು ಸಲ ಹತ್ತಿ ಇಳಿದ ಜವಾನ; ಇಂತಹವರು ಆ ಮೆಟ್ಟಿಲಿನ ಒಡೆಯರು. ಕೋಟೆಯನ್ನು ಕಾದು ಮಡಿದ ಕಿಲ್ಲೇದಾರನ ಹೆಸರನ್ನು ಚರಿತ್ರೆಯು ಉಳಿಸಿಕೊಂಡಿದೆ. ಆ ರಾತ್ರಿ ಮಹಡಿಯ ಕೋಣೆಯಲ್ಲಿ ದೀಪವನ್ನು ಆರಿಸಿದವರ ಹೆಸರು ಯಾವ ಗ್ರಂಥದಲ್ಲಿಯೂ ಇಲ್ಲ. ಅವರು ಒಬ್ಬರಿಗೊಬ್ಬರು ದಾರಿ ಬಿಟ್ಟುದು ಮಾತ್ರ, ಹೆಸರಿಲ್ಲದೆ, ಹತ್ತುವವರ ಮೈಯಲ್ಲಿ ಇಂದಿಗೂ ನಡೆದಿದೆ. ಪರೋಕ್ಷಭೂತವೆಂದರೆ ಇದೇ ಎಂದು ಈಗ ನಾನು ಮಕ್ಕಳಿಗೆ ಹೇಳಬಲ್ಲೆನು, ಹೇಳಲು ತರಗತಿಯಿಲ್ಲ.

ರಘುವಂಶದ ಹದಿನಾರನೆಯ ಸರ್ಗವನ್ನು ಓದಿದವರಿಗೆ ಕುಶನ ಪ್ರಸಂಗವು ನೆನಪಿರಬಹುದು. ಶ್ರೀರಾಮನು ಹೋದ ಮೇಲೆ ಅಯೋಧ್ಯೆಯು ಹಾಳುಬಿದ್ದಿದೆ. ಕುಶನು ಬೇರೆ ಊರಿನಲ್ಲಿ ಆಳುತ್ತಿದ್ದಾನೆ. ನಡುರಾತ್ರಿಯಲ್ಲಿ, ಅಗುಳಿ ಹಾಕಿದ ಶಯ್ಯಾಗೃಹದೊಳಗೆ, ಕಾಣದ ಹೆಂಗಸೊಬ್ಬಳು ಬಂದು ನಿಲ್ಲುವಳು. ಅವಳು ಆ ನಗರದ ಅಧಿದೇವತೆ. ವಿದ್ಯಾರ್ಥಿದೆಸೆಯಲ್ಲಿ ನಾವು ಇದನ್ನು ಅಲಂಕಾರಗಳಿಗಾಗಿ ಓದಿದೆವು. ಈಗ ಓದಿದರೆ ಬೇರೊಂದು ವಿಷಯವು ಕಾಣುವುದು. ಆ ದೇವತೆಯ ದೂರು ಗೋಡೆ ಬಿದ್ದಿತೆಂಬುದಕ್ಕೆ ನಿಲ್ಲುವುದಿಲ್ಲ. ಬೀದಿಯಲ್ಲಿ ಯಾರು ನಡೆಯುತ್ತಿದ್ದರು, ಕೊಳದ ನೀರನ್ನು ಯಾರ ಕೈಗಳು ಬಡಿಯುತ್ತಿದ್ದುವು, ಮೆಟ್ಟಿಲಿನ ಮೇಲೆ ಯಾರ ಹೆಜ್ಜೆ ಬೀಳುತ್ತಿದ್ದಿತು, ಈಗ ಅಲ್ಲೆಲ್ಲ ಯಾವ ಯಾವ ಮೃಗಗಳಿವೆ ಎಂದು ಒಂದೊಂದಾಗಿ ಎಣಿಸುವಳು. ನಗರದ ದೇವತೆಗೆ ನಿಂತುಹೋದ ನಡೆಯೇ ದುಃಖ. ಕುಶನು ಮರುದಿನವೇ ಸಭೆಗೆ ಈ ಸಂಗತಿಯನ್ನು ತಿಳಿಸಿ ಅಯೋಧ್ಯೆಗೆ ಹಿಂದಿರುಗಿದನು.

ಕುಶನಿಗೆ ಇದ್ದ ಅನುಕೂಲವು ನನಗಿಲ್ಲ. ನಾನು ಹಿಂದಿರುಗಬೇಕಾದ ಊರಿಲ್ಲ. ಬಿಟ್ಟು ಏಳಬೇಕಾದ ಮನೆಯಿದೆ. ಎರಡು ವರ್ಷಗಳಿಂದ ಮಗನೂ ಮಗಳೂ ನಮ್ಮ ಮನೆಯನ್ನು ಕೆಡವಿ ನಾಲ್ಕು ಅಂತಸ್ತಿನ ಕಟ್ಟಡವನ್ನು ಎಬ್ಬಿಸುವ ಮಾತಾಡುತ್ತಿದ್ದರು. ಅವರ ಮಾತಿನಲ್ಲಿ ದುರಾಶೆಯೇನೂ ಇಲ್ಲ. ಮಳೆಗಾಲದಲ್ಲಿ ಸೂರು ಸೋರುವುದು. ಗೋಡೆಯಲ್ಲಿ ಬಿರುಕು ಬಿಟ್ಟಿದೆ. ಮಗನು ಬನಶಂಕರಿಯ ಆಚೆ ಬಾಡಿಗೆಯ ಮನೆಯಲ್ಲಿದ್ದು ದಿನವೂ ಎರಡು ಗಂಟೆ ರಸ್ತೆಯಲ್ಲಿ ಕಳೆಯುವನು. ನಮ್ಮ ಬೀದಿಯಲ್ಲಿ ತಂದೆಯವರ ಕಾಲದ ಮನೆಗಳೆಂದು ಉಳಿದಿರುವುದು ಎರಡೇ. ಎಲ್ಲರೂ ಒಂದೇ ಸೂರಿನಡಿ ಇರೋಣವೆಂದು ಮಕ್ಕಳು ಕೇಳಿದರೆ, ಕೆಂಪು ಗಾರೆಯ ನೆಲವನ್ನು ತೋರಿಸಿ ಬೇಡವೆನ್ನುವುದು ಹೇಗೆ? ಆದರೂ ಒಪ್ಪಂದದ ಕಾಗದವು ನನ್ನ ಮೇಜಿನ ಮೇಲೆ ಸಹಿಯಿಲ್ಲದೆ ಬಿದ್ದಿದ್ದಿತು. ಈ ಗೋಡೆಗಳು ಹೋದರೆ ಅವಳು ಇನ್ನೊಂದು ಸಲ ಹೋಗುವಳೆಂಬ ಅಳುಕು. ಅದನ್ನು ಮಕ್ಕಳ ಮುಂದೆ ಆಡಿ ತೋರಿಸುವ ಬಗೆ ತಿಳಿಯದೆ, ಪಂಚಾಂಗದಲ್ಲಿ ದಿನ ಸರಿಯಿಲ್ಲವೆಂದು ಮುಂದಕ್ಕೆ ಹಾಕುತ್ತಿದ್ದೆನು.

ಮೊಮ್ಮಗನು ಓಣಿಯಲ್ಲಿ ನಿಂತುದನ್ನು ನೋಡಿದ ಮೇಲೆ ಆ ಅಳುಕಿನ ರೂಪವು ಬೇರೆಯಾಯಿತು. ಅವಳು ಗೋಡೆಯಲ್ಲಿದ್ದಳೆಂದು ನಾನು ಭಾವಿಸಿದ್ದಾಗಲೇ, ನನ್ನ ಬೆನ್ನಿನಿಂದ ಇಳಿದು ಆ ಹುಡುಗನ ಬೆನ್ನಿಗೆ ಹೋಗಿ ಸೇರಿದ್ದಳು. ಯಾರೂ ಕಲಿಸಲಿಲ್ಲ, ಯಾರೂ ಕೇಳಿ ಕಲಿಯಲಿಲ್ಲ. ಟೀಪುವಿನ ಮನೆಯು ಗುಮಾಸ್ತರ ಕೈಯಲ್ಲಿ ಉಳಿಯಿತೆಂದು ಮೇಲೆ ಹೇಳಿದೆನಷ್ಟೆ. ಒಂದು ಮನೆಯು ಉಳಿಯುವುದು ಅದನ್ನು ಬಳಸುವವರಿಂದ. ಬಳಕೆಯು ಇನ್ನೊಬ್ಬರಿಗೆ ದಾಟಿದರೆ ಆಮೇಲೆ ಮರವೂ ಗಾರೆಯೂ ತಮ್ಮ ಪಾಡನ್ನು ತಾವು ನೋಡಿಕೊಳ್ಳಬಹುದು. ಮರುವಾರ ಕಾಗದಕ್ಕೆ ಸಹಿ ಹಾಕಿದೆನು. ಹಾಕುವಾಗ ಕೈ ಸ್ವಲ್ಪ ನಡುಗಿತು, ಅದನ್ನು ಮುಚ್ಚಿಡುವುದಿಲ್ಲ.

ಹೊಸ ಕಟ್ಟಡದ ನಕ್ಷೆಯನ್ನು ತೋರಿಸಲು ಇಂಜಿನಿಯರ್ ಹುಡುಗನೊಬ್ಬನು ಬಂದನು. ಮರ್ಯಾದೆಯ ಹುಡುಗ, ಮುದುಕನಿಗೆ ಅರ್ಥವಾಗುವಂತೆ ಒಂದೊಂದು ಗೆರೆಯನ್ನೂ ಬೆರಳಿಟ್ಟು ವಿವರಿಸಿದನು. ನಡುಮನೆಯೂ ಅಡಿಗೆಯ ಮನೆಯೂ ಈಗ ಒಂದೇ ವಿಶಾಲವಾದ ಅಂಗಣವಾಗಿರುವುವಂತೆ. ನಡುವೆ ಗೋಡೆಯೇ ಬೇಡವಂತೆ. ನನ್ನ ಅಂತಸ್ತ್ತಿನಲ್ಲಿ ಮಾತ್ರ ಒಂದು ಗೋಡೆಯನ್ನಿಟ್ಟು, ಅಡಿಗೆಯ ಮನೆಗೆ ಮೂರು ಅಡಿ ಅಗಲದ ದಾರಿ ಮಾಡಿಕೊಡಬೇಕೆಂದು ಕೇಳಿದೆನು. ಅವನು ನಕ್ಷೆಯನ್ನು ನೋಡಿ, ನನ್ನನ್ನು ನೋಡಿ, “ಅಷ್ಟು ಇಕ್ಕಟ್ಟಾದರೆ ಎದುರಿಗೆ ಯಾರಾದರೂ ಬಂದರೆ ಕಷ್ಟವಾಗುತ್ತದಲ್ಲ ಸಾರ್?” ಎಂದನು.

“ಆಗಲಿ. ಒಬ್ಬರು ನಿಂತುಕೊಂಡರಾಯಿತು” ಎಂದೆನು. ಅವನು ಸೀಸದ ಕಡ್ಡಿಯಿಂದ ಗೆರೆಯನ್ನು ಎಳೆದುಕೊಂಡನು. ಸಂಕ್ರಾಂತಿ ಕಳೆದ ಮೇಲೆ ಕೆಲಸಕ್ಕೆ ಪ್ರಾರಂಭ.